ಕಟುಕ ಅಂದರೆ ಯಾರು?

ಎಂಬತ್ತರ ದಶಕದಲ್ಲಿ ನಾನು ಗೋವಾದ ವಾಸ್ಕೋ ಕೋರ್ಟಿನಲ್ಲಿ ಕನ್ನಡ ಸಾಕ್ಷಿಗಳ ಮಾತನ್ನು ನ್ಯಾಯಾಧೀಶರಿಗೆ ಕೊಂಕಣಿಯಲ್ಲಿ ಹೇಳುತ್ತಿದ್ದೆ. ಅಲ್ಲಿನ ಬಾಯ್ನಾ ಕೇರಿಯಲ್ಲಿದ್ದ ವಿಜಾಪುರದ ಶಾಂತವ್ವ, ಕಾದ ಸೌಟಿನಿಂದ ತನಗೆ ಬರೆ ಹಾಕಿದ ಗಂಡನನ್ನು ತೋರಿಸಿ, "ಇಂವ ಕಟುಕ್ರೀ" ಎಂದಳು.

ಕಟುಕನೆಂದರೆ ಮಾಂಸ ಕಡಿಯುವವನೂ ಹೌದು, ಕರುಣೆಯಿಲ್ಲದ ಕ್ರೂರಿಯೂ ಹೌದು ಎಂದು ಎರಡೂ ಅರ್ಥ ಹೇಳಿದೆ.

"ಹಾಗಾದರೆ ಇವನ ಕಸುಬು ಯಾವುದು?" ನ್ಯಾಯಾಧೀಶರಿಗೆ ಕುತೂಹಲ.

ಶಾಂತವ್ವನನ್ನು ಕೇಳಿದರೆ ಗಾಬರಿಯಾದಳು. "ಇಂವ ಬಂದರದಾಗ ಹಮಾಲಿ ಮಾಡ್ತಾನ್ರೀ. ಮಾಂಸದಂಗಡಿ ಬಾಜೂಮನಿ ಖಾಸೀಮಣ್ಣಂದು. ಬಾಗಲಾ ಮುರದು ನನ್ನ ಉಳಿಸಿದಾಂವ ಅಂವಾನ."

ಗಂಡನಿಗೆ ಮುಂದೆ ಜೈಲಾಯಿತು. ಅಂದು ಹೊರಗೆ ಬಂದಾಗ, ಸಾಕ್ಷಿ ಹೇಳಲು ಬಂದಿದ್ದ ಖಾಸೀಮಣ್ಣನೇ ನನ್ನನ್ನು ತಡೆದ. "ಸಾಹೇಬ್ರ, ಆ ಎರಡನೇ ಅರ್ಥ ನಮಗ ಯಾರು ಹಚ್ಚಿದ್ರೀ?"

ಎರಡು ಭಾಷೆ ಬಲ್ಲ ನಾನು ಅವನ ಕೈ ಹಿಡಿದುಕೊಂಡೆ. "ಚಹಾ ಕುಡಿಯೋಣ ಬರ್ರಿ" ಎಂದೆ.