ತಕ್ಕಡಿಯ ಆಣೆ

ಓದು ಬಾರದ ಬಿಳಿಚೋಡಿನ ಮಂದಿಗೆ ಮತ ಹಾಕುವುದನ್ನು ಕಲಿಸಿದವನು ಕುರಿ ಕಾಯುವ ಸಣ್ಣತಿಮ್ಮಪ್ಪ. ಎಪ್ಪತ್ತೆಂಟರ ಚುನಾವಣೆಯಲ್ಲಿ ಪಕ್ಷೇತರರಾಗಿ ನಿಂತ ಕರಿಬಸಪ್ಪನವರ ಗುರುತು ತಕ್ಕಡಿ. ಸಣ್ಣತಿಮ್ಮಪ್ಪ ಕುರಿಗಳನ್ನು ಹೆಂಡತಿಗೆ ಬಿಟ್ಟು, ಅಂಗಡಿಯ ತಕ್ಕಡಿಯೊಂದನ್ನು ಹಿಡಿದು ಮನೆಮನೆ ತಿರುಗಿದ. ಅದೂ ಸಾಲದೆಂದು ಊರಮ್ಮನ ಗುಡಿಯಲ್ಲಿ ಮೊದಲು ತಾನು ದೀಪ ಮುಟ್ಟಿ, ಆಮೇಲೆ ಎಲ್ಲರಿಂದಲೂ ಮುಟ್ಟಿಸಿದ: "ಯಾರು ಏನಾರ ಅನ್ಲಿ, ತಕ್ಕಡಿ ಬಿಟ್ಟು ಬ್ಯಾರೇದಕ್ಕೆ ಮುದ್ರೆ ಒತ್ತಂಗಿಲ್ಲ."

ಕರಿಬಸಪ್ಪ ಗೆದ್ದು ಶಾಸಕರಾದರು, ಬೆಂಗಳೂರಿಗೆ ಹೋಗಿ ಆಳುವ ಪಕ್ಷ ಸೇರಿದರು. ಐದು ವರ್ಷ ಅವರ ಜೀಪಿಗೆ ಬಿಳಿಚೋಡಿನ ದಾರಿಯೇ ಮರೆತುಹೋಯಿತು. ಎಂಬತ್ತಮೂರರಲ್ಲಿ ಮತ ಕೇಳಲು ಬಂದಾಗ ಅವರ ಗುರುತು ಬದಲಾಗಿತ್ತು. ತಕ್ಕಡಿ ಎದುರಾಳಿಯ ಪಾಲಾಗಿತ್ತು. ಸಣ್ಣತಿಮ್ಮಪ್ಪ ಮತ್ತೆ ಮನೆಮನೆ ತಿರುಗಿ ಹೊಸ ಗುರುತು ತೋರಿಸಿದ.

"ನೀನೇ ಆಣೆ ಮಾಡಿಸಿದ್ದಲ್ಲೋ ತಮ್ಮಾ. ತಪ್ಪಿದ್ರೆ ಅಮ್ಮ ಸುಮ್ನೆ ಬಿಡ್ತಾಳೇನು?" ಎಂದಳು ಮುದುಕಿ ಕಾಟಮ್ಮ.

ತಕ್ಕಡಿಯವನು ಗೆದ್ದ. ಅವನೂ ವಾರದೊಳಗೆ ಆಳುವವರ ಬಾಗಿಲು ಕಾಯಲು ಹೋದ.

ಸೋತ ಕರಿಬಸಪ್ಪ ಸಣ್ಣತಿಮ್ಮಪ್ಪನನ್ನು ಕರೆಸಿ ಕೇಳಿದರು: "ಊರು ಹಾಳಾಗ್ಲಿ. ನೀನಾದ್ರೂ ನಂಗೆ ಹಾಕಿದ್ಯೇನಯ್ಯಾ?"

ಸಣ್ಣತಿಮ್ಮಪ್ಪ ತಲೆ ತಗ್ಗಿಸಿದ.

"ಮೊದ್ಲು ದೀಪ ಮುಟ್ಟಿದವ್ನು ನಾನೇ ಅಲ್ವೇನ್ರೀ, ಸಾಹೇಬ್ರೆ."