ತೇರಗಾಂವದ ಕೈಪಂಪಿಗೆ ಸೇವೆ

ಕೈಪಂಪು ರಿಪೇರಿಯಲ್ಲಿ ಹಳಿಯಾಳ ತಾಲೂಕಿಗೆಲ್ಲ ನಾನೇ ದೊಡ್ಡ ಡಾಕ್ಟರು. ನನ್ನ ಸೈಕಲ್ಲಿನ ಗಂಟೆ ಕೇಳಿದರೆ ಸಾಕು, ಅರ್ಧ ಪಂಪುಗಳು ಹೆದರಿ ತಾವೇ ನೀರು ಕೊಡುತ್ತಿದ್ದವು. ತೇರಗಾಂವದ ಪಂಪೊಂದು ಮಾತ್ರ ಹೆದರಲಿಲ್ಲ.

ಅದರ ಕಟ್ಟೆಯ ಮೇಲೆ ಕಾಲೇಜಿನ ಸೇವಾ ಶಿಬಿರಕ್ಕೆಂದು ಬೇರೆ ಊರಿನಿಂದ ಬಂದಿದ್ದ ಪಿಯುಸಿ ಹುಡುಗಿಯೊಬ್ಬಳು ಅಳುಮುಖ ಮಾಡಿಕೊಂಡು ಕೂತಿದ್ದಳು. ಊರಿನ ಸೇವೆ ಮಾಡಿದ್ದಾಳೆಂದು ಯಾರಾದರೂ ಸಹಿ ಹಾಕಿಕೊಡದಿದ್ದರೆ ಕಾಲೇಜಿನವರು ಸರ್ಟಿಫಿಕೇಟು ಕೊಡುವುದಿಲ್ಲವಂತೆ. ಅಂದೇ ಕೊನೆಯ ದಿನ.

“ಮತ್ತ ಮಾಡಾಕ ಏನಾತು?” ಎಂದೆ.

“ಯಾರೂ ಬಿಡವಲ್ರು ಕಾಕಾ. ಕಸಬರಿಗಿ ಹಿಡದ್ರ ಕಸಗೊಂಡು ಅವಲಕ್ಕಿ ಕೊಡ್ತಾರ.”

ಕೊಡ ಹಿಡಿದು ಕಾಯುತ್ತಿದ್ದ ಅಜ್ಜಿ ರೇಗಿದಳು. “ಊರಿಗೆ ಬಂದ ಹುಡುಗಿ ಕಡೆ ಕಸಾ ಹೊಡಸಾಕ ನಮಗ ನಾಚಿಕಿ ಇಲ್ಲೇನು?”

ಪಾಪವೆನಿಸಿ, ಪೈಪು ಹಿಡಿದುಕೊಳ್ಳಲು ಅವಳನ್ನೇ ಕರೆದೆ. ಪೈಪು ಮೇಲೆತ್ತಿ, ಸವೆದ ವಾಷರ್ ತೆಗೆದು, ಬಟ್ಟಲಿನಂಥ ಹೊಸ ಚರ್ಮದ ವಾಷರ್ ಹಾಕಿ, ಎಲ್ಲ ಮತ್ತೆ ಇಳಿಸಿ, ಮೀಸೆ ತಿರುವಿ ಹಿಡಿಕೆ ಒತ್ತಿದೆ. ಐವತ್ತು ಸಲ ಒತ್ತಿದರೂ ಹನಿಯಿಲ್ಲ. ನೀರಿಗೆ ಬಂದಿದ್ದ ಹೆಂಗಸರು ಸೆರಗಿನ ಮರೆಯಲ್ಲಿ ನಗತೊಡಗಿದರು.

ಹುಡುಗಿ ಮೆಲ್ಲಗೆ ಕಿವಿಯಲ್ಲಿ ಅಂದಳು: “ಕಾಕಾ, ಹಳೇ ವಾಷರ್ ಬಾಯಿ ಮ್ಯಾಲಿತ್ತು. ನೀವು ಕೆಳಗ ಮಾಡೀರಿ.”

“ಗೊತ್ತೈತಿ ತಂಗಿ, ನಿನ್ನ ಪರೀಕ್ಷಾ ಮಾಡಿದೆ!” ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಮತ್ತೆ ಬಿಚ್ಚಿ ವಾಷರ್ ತಿರುವಿ ಹಾಕಿದೆ. ನೀರು ಧೋ ಎಂದು ಬಂದಾಗ ನಮ್ಮಿಬ್ಬರಿಗೂ ಹೋದ ಜೀವ ಬಂತು.

ಅವಳ ಹಾಳೆಗೆ ಸಹಿ ಹಾಕಿದೆ. ‘ಯಾರಿಗೆ ಸೇವೆ?’ ಎಂಬಲ್ಲಿ ‘ಇಡೀ ಊರಿಗೆ’ ಎಂದು ಬರೆದೆ. ನಿಜ ಹೇಳಬೇಕೆಂದರೆ ನನ್ನ ಹೆಸರು ಬರೆಯಬೇಕಿತ್ತು. ಆದರೆ ಅಷ್ಟು ಸಣ್ಣ ಜಾಗದಲ್ಲಿ ನನ್ನಂಥ ದೊಡ್ಡ ಮನುಷ್ಯ ಹಿಡಿಸುವುದು ಕಷ್ಟ.