ಪರದೆಯ ಮೇಲೆ ಮಿಡಿದದ್ದು

ಎಂಬತ್ತರ ದಶಕದ ಕೊನೆಯ ದಿನಗಳು. ಮದುವೆಯಾಗಿ ಯರಗುಪ್ಪಿಗೆ ಬಂದು ಎರಡನೆಯ ವರ್ಷ. ಮೂರು ತಿಂಗಳ ಬಸುರಿಯಾಗಿದ್ದ ನಾನು ಮಾಳಿಗೆಯ ಮೇಲೆ ಮೆಣಸಿನಕಾಯಿ ಹರವುತ್ತಿದ್ದೆ. ತೊಡೆಯ ಮೇಲೆ ಬಿಸಿಯಾಗಿ ಏನೋ ಇಳಿಯಿತು. ಸೀರೆ ನೋಡಿಕೊಂಡೆ. ರಕ್ತ.

"ಅತ್ತಿ, ರಕ್ತ ಹೊಂಟೈತ್ರಿ" ಎಂದು ಕೂಗಿದೆ.

ಅತ್ತೆ ಮೇಲೆ ಬಂದವರು ನನ್ನ ಮುಖ ನೋಡಲಿಲ್ಲ, ಸೀರೆಯನ್ನಷ್ಟೇ ನೋಡಿದರು. "ಏಳಬ್ಯಾಡ. ಅಲ್ಲೇ ಮಲಕೋ" ಎಂದರು. ನನ್ನ ಗಂಡ ಚಕ್ಕಡಿಯಲ್ಲಿ ಹೊಟ್ಟು ತುಂಬಿ ಮೇಲೆ ಕೌದಿ ಹಾಸಿ, ನನ್ನನ್ನು ಎತ್ತಿ ತಂದು ಮಲಗಿಸಿದರು. ಕುಲುಕದಿರಲೆಂದು ಸಂಶಿಯವರೆಗೆ ಎತ್ತುಗಳನ್ನು ನಡೆಸಿಕೊಂಡೇ ಹೋದೆವು. ಅಲ್ಲಿಂದ ರೈಲಿನಲ್ಲಿ ಹುಬ್ಬಳ್ಳಿಗೆ. ಅತ್ತೆಯೂ ಜೊತೆಗಿದ್ದರು. ಎಲ್ಲ ಮುಗಿದೇ ಹೋಯಿತು ಎಂದು ನಾನು ಅಂದುಕೊಂಡಿದ್ದೆ.

ಅಲ್ಲಿಯ ಆಸ್ಪತ್ರೆಗೆ ಹೊಟ್ಟೆಯೊಳಗನ್ನು ತೋರಿಸುವ ಯಂತ್ರ ಆಗಷ್ಟೇ ಬಂದಿತ್ತು. ನೀರು ಕುಡಿಸಿ, ಹೊಟ್ಟೆ ಬಿಗಿಯುವವರೆಗೆ ಕೂರಿಸಿ, ಆಮೇಲೆ ಒಳಗೆ ಕರೆದರು. ತಣ್ಣನೆಯ ಅಂಟು ಸವರಿ ಡಾಕ್ಟರಬಾಯಿ ಬಹಳ ಹೊತ್ತು ಪರದೆಯನ್ನೇ ನೋಡಿದರು. ಬಳಿಕ ಅತ್ತೆಯನ್ನೂ ಹತ್ತಿರ ಕರೆದರು.

"ಇಲ್ಲಿ ಕರ್ರಗ ಕಾಣಸ್ತದಲ್ಲ, ಇದು ಹೆಪ್ಪುಗಟ್ಟಿದ ರಕ್ತ. ಕೂಸಿನ ಚೀಲದ ಬಾಜೂಕ ಕೂತದ. ಇದು ಕೂಸು. ಇದು ಅದರ ಎದಿ, ಬಡೀಲಿಕ್ಕತ್ತದ ನೋಡ್ರಿ."

ಬೂದುಬಣ್ಣದ ಮಬ್ಬಿನಲ್ಲಿ ಜೋಳದ ಕಾಳಿನಷ್ಟೂ ಇಲ್ಲದ ಒಂದು ಚುಕ್ಕೆ ಮಿಣಮಿಣ ಮಿಡಿಯುತ್ತಿತ್ತು. ನನ್ನ ಮೈಯಿಂದ ಅಷ್ಟು ರಕ್ತ ಹೋಗಿತ್ತು, ನಾನು ದಾರಿಯಲ್ಲೇ ಅದರ ಆಸೆ ಬಿಟ್ಟಿದ್ದೆ. ಅದು ಮಾತ್ರ ತನ್ನ ಕೆಲಸ ನಿಲ್ಲಿಸಿರಲಿಲ್ಲ. ನಾನು ಉಸಿರಾಡಲೂ ಹೆದರಿ ಅದನ್ನೇ ನೋಡುತ್ತಾ ಮಲಗಿದೆ.

ಅತ್ತೆ ಮಂಚದ ಅಂಚು ಹಿಡಿದುಕೊಂಡರು. "ಇಷ್ಟ ಸಣ್ಣದಕ್ಕೂ ಎದಿ ಇರತೈತೇನ್ರಿ, ಬಾಯಾರ?"

"ಇರತದ್ರಿ."

"ನನಗೂ ಹಿಂಗ ಆಗಿತ್ರಿ, ಈಕಿ ಗಂಡ ಹುಟ್ಟೂಕಿಂತ ಮೊದಲ. ಬರೇ ನೆತ್ತರ ಅಂತ ಹಿತ್ತಲದಾಗ ಮುಚ್ಚಿದ್ರು. ಅದರದ್ದೂ ಬಡದಿತ್ತೇನ್ರಿ?"

ಡಾಕ್ಟರಬಾಯಿ ಯಂತ್ರದಿಂದ ಕೈ ತೆಗೆದರು. "ಬಡದಿರಬಹುದ್ರಿ, ಅವ್ವಾ" ಎಂದರು ಮೆಲ್ಲಗೆ. ಅತ್ತೆ ತಲೆಯಾಡಿಸಿ, ಸೆರಗಿನಿಂದ ಮುಖ ಒರೆಸಿಕೊಂಡು ಮತ್ತೆ ಪರದೆಯತ್ತ ತಿರುಗಿದರು.

ಕೂಸು ಉಳಿಯುತ್ತದೆಂದು ಡಾಕ್ಟರಬಾಯಿ ಮಾತು ಕೊಡಲಿಲ್ಲ. ಭಾರ ಎತ್ತಬೇಡಿ, ಮತ್ತೆ ರಕ್ತ ಕಂಡರೆ ಕೂಡಲೇ ಬನ್ನಿ ಎಂದರು. ಅತ್ತೆ ನನಗೆ ತಂಬಿಗೆಯನ್ನೂ ಎತ್ತಗೊಡಲಿಲ್ಲ. ಕೆರೆಯ ನೀರು ತಾವೇ ಹೊತ್ತರು, ರೊಟ್ಟಿ ತಾವೇ ಬಡಿದರು. ನೋಡಲು ಬಂದ ಹೆಂಗಸರಿಗೆ ಬೆರಳತುದಿ ಕೂಡಿಸಿ ಬಿಚ್ಚಿ, "ಹಿಂಗ ಬಡೀತಿತ್ತು" ಎಂದು ತೋರಿಸುತ್ತಿದ್ದರು. ಕೆಲವು ದಿನ ಕಂದುಬಣ್ಣದ ಕಲೆ ಕಾಣಿಸಿತು, ಆಮೇಲೆ ನಿಂತಿತು.

ಎರಡನೆಯ ಸಲ ಹೋದಾಗ ಪರದೆಯಲ್ಲಿ ಆ ಕಪ್ಪು ಇರಲಿಲ್ಲ. "ಎಲ್ಲಿ ಹೋತ್ರಿ?" ಎಂದು ಕೇಳಿದೆ.

"ನಿಮ್ಮ ಮೈಯಾಗನ ಕರಗೇದ್ರಿ."

ನನಗೆ ತಿಳಿಯದಂತೆ ನನ್ನೊಳಗೆ ಇಷ್ಟೆಲ್ಲ ನಡೆದಿತ್ತು. ಹೆರಿಗೆಯಾದದ್ದು ಶ್ರಾವಣದಲ್ಲಿ, ಹೆಣ್ಣುಮಗು. ಅತ್ತೆ ಅದನ್ನು ತೊಡೆಯ ಮೇಲೆ ಹಾಕಿಕೊಂಡು ಬಹಳ ಹೊತ್ತು ಯಾರಿಗೂ ಕೊಡದೆ ಕುಳಿತಿದ್ದರು.